ಥೈರಾಯಿಡ್ ದೋಷ: ಅರಿವು, ಚಿಕಿತ್ಸೆ, ತಾಳ್ಮೆ

ಶರಣರು ಕಾಯವನ್ನು ಹೀಗಳೆದವರಲ್ಲ. ಕಾಯಕಕ್ಕೆ ಕಾಯವೇ ಆಧಾರವೆಂದರಿತು ಅದನ್ನು ಗೌರವಿಸಿದವರು. ಆ ಪರಂಪರೆಯ ನೆರಳಿನಲ್ಲಿ ಬೆಳೆದ ನಮ್ಮ ವಿದ್ಯಾಸಂಸ್ಥೆಯಲ್ಲಿ ದುಡಿಮೆಗೆ ಸಲ್ಲುವ ಮನ್ನಣೆ ದೊಡ್ಡದು. ಆದರೆ ಈ ಮನ್ನಣೆಯ ಮಗ್ಗುಲಲ್ಲಿಯೇ ಒಂದು ಅಪಾಯವೂ ಇದೆ. ದುಡಿಯಲಾರದವರನ್ನು ಕಂಡಾಗ ಅವರು ದುಡಿಯಲೊಲ್ಲರೆಂದು ಬಗೆಯುವುದು ಬಹು ಸುಲಭ. ಕೈಲಾಗದಿರುವುದಕ್ಕೂ ಮನಸ್ಸಿಲ್ಲದಿರುವುದಕ್ಕೂ ಇರುವ ಅಂತರವನ್ನು ಹೊರಗಣ್ಣು ಗುರುತಿಸಲಾರದು. ಈ ಅಂತರವನ್ನು ಮರೆಮಾಚುವ ಕಾಯಿಲೆಗಳಲ್ಲಿ ಥೈರಾಯಿಡ್ ಗ್ರಂಥಿಯ ದೋಷ ಮುಖ್ಯವಾದುದು. ಇಂದು ಹೆಚ್ಚುಕಡಿಮೆ ಪ್ರತಿಯೊಂದು ಬಂಧುವರ್ಗದಲ್ಲಿಯೂ ಈ ದೋಷವುಳ್ಳ ಒಬ್ಬರಾದರೂ ಇರುತ್ತಾರೆ. ಆದುದರಿಂದ ಇದರ ಸ್ವರೂಪವನ್ನೂ, ಹೊಸದಾಗಿ ಈ ರೋಗನಿರ್ಣಯವನ್ನು ಕೇಳಿದವರು ನಡೆದುಕೊಳ್ಳಬೇಕಾದ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಗ್ರಂಥಿಯ ಸ್ವರೂಪ

ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡಂತೆ ಚಿಟ್ಟೆಯಾಕಾರದ ಒಂದು ಗ್ರಂಥಿಯಿದೆ. ವಯಸ್ಕರಲ್ಲಿ ಇದರ ತೂಕ ಸುಮಾರು 15ರಿಂದ 25 ಗ್ರಾಂ ಮಾತ್ರ. ಇದು ನಿರ್ನಾಳ ಗ್ರಂಥಿ. ತನ್ನ ರಸವನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ಆಹಾರದಲ್ಲಿರುವ ಅಯೊಡೀನನ್ನು ಹೀರಿಕೊಂಡು ಅದು ಮುಖ್ಯವಾಗಿ ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಥೈರಾಕ್ಸಿನ್ನಿನ ಅಣುವಿನಲ್ಲಿ ಅಯೊಡೀನಿನ ನಾಲ್ಕು ಪರಮಾಣುಗಳಿರುವುದರಿಂದ ಅದನ್ನು ಟಿ-4 ಎನ್ನುತ್ತಾರೆ. ಅಂಗಾಂಶಗಳಲ್ಲಿ ಒಂದು ಪರಮಾಣು ಕಳಚಿ ಅದು ಹೆಚ್ಚು ಚುರುಕಾದ ಟಿ-3 ಆಗುತ್ತದೆ. ದೇಹದ ಜೀವಕೋಶಗಳೆಲ್ಲ ಯಾವ ವೇಗದಲ್ಲಿ ಶಕ್ತಿಯನ್ನು ವ್ಯಯಿಸಬೇಕೆಂಬುದನ್ನು ನಿಶ್ಚಯಿಸುವುದು ಈ ರಸವೇ. ಒಲೆಯ ಉರಿ ತಗ್ಗಿದರೆ ಅನ್ನ ಬೇಯದು, ಹೆಚ್ಚಿದರೆ ಸೀದುಹೋಗುವುದು. ದೇಹದ ಸ್ಥಿತಿಯೂ ಹಾಗೆಯೇ.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಈ ಉರಿಯ ಮೇಲ್ವಿಚಾರಕ. ಅದು ಟಿ.ಎಸ್.ಎಚ್. ಎಂಬ ಹಾರ್ಮೋನನ್ನು ಕಳುಹಿಸಿ ಥೈರಾಯಿಡನ್ನು ಪ್ರಚೋದಿಸುತ್ತದೆ. ಶಾಲೆಯ ಕೆಲಸ ಹಿಂದೆ ಬಿದ್ದಾಗ ಮುಖ್ಯೋಪಾಧ್ಯಾಯರ ಜ್ಞಾಪನಪತ್ರಗಳು ಹೆಚ್ಚುವಂತೆ, ಥೈರಾಯಿಡ್ ಮಂದವಾದಾಗ ರಕ್ತದಲ್ಲಿ ಟಿ.ಎಸ್.ಎಚ್. ಏರುತ್ತದೆ, ಥೈರಾಯಿಡ್ ಮಿತಿಮೀರಿ ದುಡಿದಾಗ ಇಳಿಯುತ್ತದೆ. ಈ ವಿಲೋಮ ಸಂಬಂಧವನ್ನು ತಿಳಿಯದವರು ವರದಿಯಲ್ಲಿ ಟಿ.ಎಸ್.ಎಚ್. ಹೆಚ್ಚೆಂದು ಓದಿ, ಗ್ರಂಥಿಯ ರಸ ಹೆಚ್ಚಾಗಿದೆಯೆಂದು ತಪ್ಪಾಗಿ ಗ್ರಹಿಸುತ್ತಾರೆ.

ಲಕ್ಷಣಗಳ ಗೊಂದಲ

ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳೋಣ. ವಯಸ್ಸು ನಲವತ್ತರ ಆಸುಪಾಸು. ರಾತ್ರಿ ಎಂಟು ಗಂಟೆ ನಿದ್ರಿಸಿದರೂ ಬೆಳಗ್ಗೆ ಆಯಾಸ. ಇತರರಿಗೆ ಸೆಕೆಯಾಗುವಾಗ ಅವರಿಗೆ ಚಳಿ. ಚರ್ಮ ಒಣಗುತ್ತದೆ, ಕೂದಲು ಉದುರುತ್ತದೆ, ಮಲಬದ್ಧತೆ ಕಾಡುತ್ತದೆ, ದನಿ ಒಡೆಯುತ್ತದೆ, ಮುಟ್ಟಿನ ಸ್ರಾವ ಹೆಚ್ಚುತ್ತದೆ. ಚಿರಪರಿಚಿತ ವಿದ್ಯಾರ್ಥಿಯ ಹೆಸರು ನಾಲಗೆಗೆ ಬಾರದು. ಕಾರಣವಿಲ್ಲದೆ ಮನಸ್ಸಿಗೆ ಮಂಕು ಕವಿಯುತ್ತದೆ. ಇದು ಥೈರಾಯಿಡ್ ಮಂದವಾದಾಗಿನ ಚಿತ್ರ. ಇನ್ನೊಬ್ಬರಿಗೆ ಚೆನ್ನಾಗಿ ಹಸಿವಾದರೂ ಮೈ ಇಳಿಯುತ್ತದೆ. ಎದೆ ಡವಗುಟ್ಟುತ್ತದೆ, ಬೆರಳು ನಡುಗುತ್ತವೆ, ಬೆವರು ಸುರಿಯುತ್ತದೆ, ನಿದ್ರೆ ಹತ್ತದು, ಸಣ್ಣ ಮಾತಿಗೂ ಸಿಡುಕು. ಇದು ಗ್ರಂಥಿ ಅತಿಯಾಗಿ ದುಡಿದಾಗಿನ ಚಿತ್ರ.

ಪುಸ್ತಕದಲ್ಲಿ ಇವೆರಡೂ ಸ್ಪಷ್ಟ. ದೇಹದಲ್ಲಿ ಅಷ್ಟು ಸ್ಪಷ್ಟವಲ್ಲ. ಇದಕ್ಕೆ ಕಾರಣಗಳುಂಟು. ಮೊದಲನೆಯದಾಗಿ, ಈ ಚಿಹ್ನೆಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೆಲ್ಲನೆ ಬೆಳೆಯುವುದರಿಂದ ರೋಗಿಯೇ ಅವುಗಳಿಗೆ ಹೊಂದಿಕೊಂಡುಬಿಡುತ್ತಾನೆ. ಎರಡನೆಯದಾಗಿ, ಇವುಗಳಲ್ಲಿ ಒಂದೂ ಥೈರಾಯಿಡಿಗೇ ಮೀಸಲಾದುದಲ್ಲ. ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ, ಮಧುಮೇಹ, ಮುಟ್ಟು ನಿಲ್ಲುವ ಕಾಲ, ಮನೋವ್ಯಥೆ ಇವೆಲ್ಲವೂ ಇದೇ ವೇಷದಲ್ಲಿ ಬರುತ್ತವೆ. ಮೂರನೆಯದಾಗಿ, ಆಯಾಸವೂ ಕೂದಲುದುರುವಿಕೆಯೂ ರಸ ಕಡಿಮೆಯಾದಾಗ ಉಂಟು, ಹೆಚ್ಚಾದಾಗಲೂ ಉಂಟು. ನಾಲ್ಕನೆಯದಾಗಿ, ಗ್ರಂಥಿಗೆ ಉರಿಯೂತ ಬಂದಾಗ ಅದರಲ್ಲಿ ಕೂಡಿಟ್ಟ ರಸವು ಒಮ್ಮೆಲೇ ರಕ್ತಕ್ಕೆ ಸೋರಿ ಮೊದಲು ಆಧಿಕ್ಯವೂ, ದಾಸ್ತಾನು ಮುಗಿದ ಮೇಲೆ ಕೊರತೆಯೂ ಒಂದೇ ರೋಗಿಯಲ್ಲಿ ಕಾಣಿಸಿಕೊಳ್ಳಬಹುದು. ಹೆರಿಗೆಯಾದ ಒಂದು ವರ್ಷದೊಳಗೆ ಕೆಲವು ತಾಯಂದಿರಲ್ಲಿ ಹೀಗಾಗುತ್ತದೆ. ಅದನ್ನು ಬಾಣಂತನದ ದಣಿವೆಂದು ತಳ್ಳಿಹಾಕುವುದೇ ಹೆಚ್ಚು. ವೃದ್ಧರಲ್ಲಂತೂ ರಸಾಧಿಕ್ಯವು ಚಡಪಡಿಕೆಯ ಬದಲು ಬರಿಯ ನಿರುತ್ಸಾಹವಾಗಿ ತೋರಬಹುದು.

ಇದರ ಫಲವೇನು? ರೋಗವನ್ನು ಗುಣದೋಷವೆಂದು ಎಣಿಸುವುದು. ಮಂದವಾದವರು ಸೋಮಾರಿಗಳೆನಿಸುತ್ತಾರೆ, ತಪ್ತರಾದವರು ಮುಂಗೋಪಿಗಳೆನಿಸುತ್ತಾರೆ. ಇತರರು ಹಾಗೆನ್ನುವುದಕ್ಕಿಂತ ಹೆಚ್ಚಾಗಿ ರೋಗಿಗಳು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ರೋಗನಿರ್ಣಯವಾದ ದಿನ ಅನೇಕರಿಗೆ ಭಯದೊಡನೆ ಒಂದು ನೆಮ್ಮದಿಯೂ ಉಂಟಾಗುವುದು ಈ ಕಾರಣದಿಂದಲೇ.

ರಕ್ತಪರೀಕ್ಷೆ

ಲಕ್ಷಣಗಳು ಸಂಶಯವನ್ನು ಹುಟ್ಟಿಸಬಲ್ಲವು. ನಿರ್ಣಯವನ್ನು ನೀಡಬೇಕಾದುದು ರಕ್ತ. ವಯಸ್ಕರಲ್ಲಿ ಟಿ.ಎಸ್.ಎಚ್. ಪ್ರಮಾಣವು ಸಾಮಾನ್ಯವಾಗಿ 0.4ರಿಂದ 4ರವರೆಗೆ ಇರುತ್ತದೆ. ಪ್ರಯೋಗಾಲಯಕ್ಕನುಸಾರ ಈ ಮಿತಿ ತುಸು ಬದಲಾಗುವುದುಂಟು. ಟಿ.ಎಸ್.ಎಚ್. ಏರಿ ಟಿ-4 ಇಳಿದಿದ್ದರೆ ಕೊರತೆ ಸ್ಪಷ್ಟ. ಟಿ.ಎಸ್.ಎಚ್. ತಗ್ಗಿ ಟಿ-4 ಅಥವಾ ಟಿ-3 ಏರಿದ್ದರೆ ಆಧಿಕ್ಯ ಸ್ಪಷ್ಟ. ಟಿ.ಎಸ್.ಎಚ್. ಮಾತ್ರ ಕೊಂಚ ಏರಿ ಟಿ-4 ಸರಿಯಾಗಿದ್ದರೆ ಅವಸರ ಸಲ್ಲದು. ಎರಡು ಮೂರು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿದಾಗ ಅದು ತಾನಾಗಿ ಸರಿಹೋಗಿರುವುದುಂಟು. ಕೂದಲಿಗೆಂದು ಸೇವಿಸುವ ಬಯೊಟಿನ್ ಗುಳಿಗೆಗಳು ಫಲಿತಾಂಶವನ್ನು ಕೆಡಿಸಬಲ್ಲವಾದ್ದರಿಂದ ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಕೊರತೆಗೆ ಬಹುಸಾಮಾನ್ಯ ಕಾರಣವನ್ನು 1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಷಿಮೊಟೊ ವರ್ಣಿಸಿದರು. ದೇಹದ ರಕ್ಷಣಾವ್ಯವಸ್ಥೆಯೇ ಗ್ರಂಥಿಯನ್ನು ಪರಕೀಯವೆಂದು ಭ್ರಮಿಸಿ ಹಾನಿಗೊಳಿಸುವ ಸ್ಥಿತಿಯಿದು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹಲವು ಪಟ್ಟು ಹೆಚ್ಚು. ಮನೆತನದಲ್ಲಿ ಹರಿದುಬರುವುದೂ ಉಂಟು. ಇದಕ್ಕೆ ರೋಗಿಯ ನಡತೆಯಾಗಲಿ ಊಟದ ತಪ್ಪಾಗಲಿ ಕಾರಣವಲ್ಲ.

ಚಿಕಿತ್ಸೆಯ ನಿಯಮ

1891ಕ್ಕೆ ಮುನ್ನ ತೀವ್ರ ಕೊರತೆಗೆ ಮದ್ದೇ ಇರಲಿಲ್ಲ. ಆ ವರ್ಷ ಇಂಗ್ಲೆಂಡಿನ ಜಾರ್ಜ್ ಮರ್ರಿ ಎಂಬ ವೈದ್ಯರು ಕುರಿಯ ಥೈರಾಯಿಡಿನ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ರೋಗಿಯೊಬ್ಬಳನ್ನು ಚೇತರಿಸಿದರು. ಆಕೆ ಆಮೇಲೆ 28 ವರ್ಷ ಬದುಕಿದಳು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇಂದು ನಾವು ಸೇವಿಸುವ ಲೀವೊಥೈರಾಕ್ಸಿನ್ ಗುಳಿಗೆ ಗ್ರಂಥಿಯ ಸಹಜ ರಸದ್ದೇ ಪ್ರತಿರೂಪ. ಅದು ಹೊರಗಿನ ವಸ್ತುವೆಂದು ಅಂಜಬೇಕಾಗಿಲ್ಲ. ಕಡಿಮೆಯಾದುದನ್ನು ತುಂಬಿಕೊಡುವುದಷ್ಟೇ ಅದರ ಕೆಲಸ.

ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯನ್ನಾಗಲಿ ಆಹಾರವನ್ನಾಗಲಿ ಮುಟ್ಟಬಾರದು. ಎದ್ದೊಡನೆ ಗುಳಿಗೆ ನುಂಗಿದರೆ ಸ್ನಾನ, ಇಷ್ಟಲಿಂಗಪೂಜೆ ಮುಗಿಯುವ ವೇಳೆಗೆ ಈ ಅವಧಿ ತಾನಾಗಿ ಕಳೆದಿರುತ್ತದೆ. ಪೂಜೆಗೆ ಮುನ್ನ ಏನನ್ನೂ ಸೇವಿಸದ ನಿಯಮವುಳ್ಳವರು ಪೂಜೆ ಮುಗಿಸಿ ಗುಳಿಗೆ ತೆಗೆದುಕೊಂಡು, ಪ್ರಸಾದವನ್ನು ಅಷ್ಟು ಹೊತ್ತು ತಡಮಾಡಿದರಾಯಿತು. ಕಬ್ಬಿಣ ಮತ್ತು ಸುಣ್ಣದ ಅಂಶದ ಗುಳಿಗೆಗಳಿಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಬೇಕು. ಉಪವಾಸದ ದಿನವೂ ಗುಳಿಗೆಯನ್ನು ಬಿಡಬಾರದು.

ಹೊಸ ರೋಗಿಗಳು ಎಡವುವುದು ತಾಳ್ಮೆಯಲ್ಲಿ. ಒಂದು ವಾರ ಗುಳಿಗೆ ನುಂಗಿ, ಏನೂ ಗುಣವಿಲ್ಲವೆಂದು ಬಿಡುವವರುಂಟು. ಥೈರಾಕ್ಸಿನ್ನಿನ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಆದುದರಿಂದ ಹೊಸ ಪ್ರಮಾಣವು ದೇಹದಲ್ಲಿ ನೆಲೆಗೊಳ್ಳಲು ಐದಾರು ವಾರಗಳು ಹಿಡಿಯುತ್ತವೆ. ಮರುಪರೀಕ್ಷೆಯನ್ನು ಆರರಿಂದ ಎಂಟು ವಾರಗಳಿಗೆ ಗೊತ್ತುಮಾಡುವುದು ಇದೇ ಕಾರಣಕ್ಕೆ. ಆಯಾಸ ಮೊದಲು ತಗ್ಗುತ್ತದೆ; ಚರ್ಮ, ಕೂದಲು, ನೆನಪಿನ ಶಕ್ತಿ ತಿಂಗಳುಗಳ ಮೇಲೆ ಸುಧಾರಿಸುತ್ತವೆ. ಗುಣ ಕಂಡಿತೆಂದು ಗುಳಿಗೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಹಳೆಯ ಸ್ಥಿತಿ ಮರಳುತ್ತದೆ. ಬೇಗ ಗುಣವಾಗಲೆಂದು ತಾವೇ ಪ್ರಮಾಣ ಹೆಚ್ಚಿಸಿಕೊಂಡರೆ ಹೃದಯದ ಲಯ ಕೆಡುತ್ತದೆ, ಮೂಳೆ ಸವೆಯುತ್ತದೆ. ಪ್ರಮಾಣ ಸರಿಯಾಗಿ, ರಕ್ತದ ಅಂಕಿಗಳೂ ಸರಿಯಾಗಿ, ಆಯಾಸ ಮಾತ್ರ ಉಳಿದಿದ್ದರೆ ರಕ್ತಹೀನತೆಯೇ ಮೊದಲಾದ ಬೇರೆ ಕಾರಣಗಳನ್ನು ಹುಡುಕಬೇಕು. ಎಲ್ಲವನ್ನೂ ಥೈರಾಯಿಡಿನ ತಲೆಗೇ ಕಟ್ಟಬಾರದು. ಬರಲಿರುವ ವೈದ್ಯಭೇಟಿಗಾಗಿ ಲಕ್ಷಣ, ತೂಕ, ನಾಡಿ, ಪರೀಕ್ಷೆಯ ಅಂಕಿಗಳನ್ನು ಒಂದು ಪುಸ್ತಕದಲ್ಲಿ ದಿನಾಂಕಸಹಿತ ಬರೆದಿಡುವುದು ಗೊಂದಲಕ್ಕೆ ಒಳ್ಳೆಯ ಪರಿಹಾರ.

ಗರ್ಭ ನಿಂತಿದೆಯೆಂದು ತಿಳಿದೊಡನೆ ವೈದ್ಯರನ್ನು ಕಾಣುವುದು ಅವಶ್ಯ. ಆಗ ತಾಯಿಗೆ ಗುಳಿಗೆಯ ಪ್ರಮಾಣ ಸಾಮಾನ್ಯವಾಗಿ ಹೆಚ್ಚು ಬೇಕಾಗುತ್ತದೆ. ಶಿಶುವಿನ ಮಿದುಳಿನ ಬೆಳವಣಿಗೆ ಮೊದಲ ತಿಂಗಳುಗಳಲ್ಲಿ ತಾಯಿಯ ರಸವನ್ನೇ ಅವಲಂಬಿಸಿದೆ. ರಸಾಧಿಕ್ಯಕ್ಕೆ ಕಾರ್ಬಿಮಜೋಲ್‌ನಂಥ ಔಷಧ, ವಿಕಿರಣಶೀಲ ಅಯೊಡೀನ್, ಶಸ್ತ್ರಚಿಕಿತ್ಸೆ ಎಂಬ ಮೂರು ಮಾರ್ಗಗಳಿವೆ. ಕಾರ್ಬಿಮಜೋಲ್ ಸೇವಿಸುವವರಿಗೆ ಜ್ವರವೋ ಗಂಟಲುನೋವೋ ಬಂದರೆ ಔಷಧವನ್ನು ನಿಲ್ಲಿಸಿ ಅಂದೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಬಿಳಿಯ ರಕ್ತಕಣಗಳು ಕುಸಿಯುವ ಅಪಾಯ ವಿರಳವಾದರೂ ಪ್ರಾಣಾಂತಿಕವಾದುದು.

ಉಪ್ಪಿನ ವಿಚಾರ

ಗಳಗಂಡವೆಂಬ ಹೆಸರು ನಮ್ಮ ಹಿರಿಯರಿಗೆ ಹೊಸದಲ್ಲ. ಅಯೊಡೀನಿನ ಅಭಾವದಿಂದ ಗ್ರಂಥಿ ಊದಿಕೊಳ್ಳುವುದಕ್ಕೆ ಆ ಹೆಸರು. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ನಡೆಸಿದ ಪ್ರಯೋಗವು ಅಯೊಡೀನ್‌ಯುಕ್ತ ಉಪ್ಪಿನಿಂದ ಗಳಗಂಡ ಇಳಿಯುವುದೆಂದು ತೋರಿಸಿಕೊಟ್ಟಿತು. 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಆದರೆ ಕೊರತೆಯ ರೋಗ ಈಗಾಗಲೇ ಇರುವವರು ಉಪ್ಪನ್ನು ಹೆಚ್ಚು ತಿಂದು ಗುಣಹೊಂದಲಾರರು. ಹಾಷಿಮೊಟೊ ದೋಷಕ್ಕೆ ಅಯೊಡೀನ್ ಮದ್ದಲ್ಲ. ಉಪ್ಪು ಮುಂದಿನ ಪೀಳಿಗೆಯ ರಕ್ಷಣೆ. ದಾಸೋಹಕ್ಕೂ ಪ್ರಸಾದನಿಲಯಕ್ಕೂ ಉಪ್ಪಿನ ಮೂಟೆ ಅರ್ಪಿಸುವ ದಾನಿಗಳು ಅದು ಅಯೊಡೀನ್‌ಯುಕ್ತವೇ ಎಂದು ನೋಡಿ ಕೊಟ್ಟರೆ ಆ ದಾನದ ಫಲ ಇಮ್ಮಡಿ. ಪಾಕಶಾಲೆಯಲ್ಲಿ ಉಪ್ಪನ್ನು ಮುಚ್ಚಳವುಳ್ಳ ಡಬ್ಬದಲ್ಲಿ, ತೇವಕ್ಕೂ ಬಿಸಿಲಿಗೂ ದೂರವಾಗಿ ಇಡಬೇಕು. ಹರಳುಪ್ಪನ್ನು ತೊಳೆದರೆ ಅಯೊಡೀನ್ ಕೊಚ್ಚಿಹೋಗುತ್ತದೆ.

ಶಿಕ್ಷಕರಲ್ಲಿ ವಿಜ್ಞಾಪನೆ

ಕೊನೆಯದಾಗಿ ಶಿಕ್ಷಕ ಬಂಧುಗಳಲ್ಲಿ ಒಂದು ಮಾತು. ಚೆನ್ನಾಗಿ ಓದುತ್ತಿದ್ದ ಮಗು ಹಿಂದೆ ಬಿದ್ದರೆ, ತರಗತಿಯಲ್ಲಿ ತೂಕಡಿಸಿದರೆ, ಓರಗೆಯವರು ಬೆಳೆಯುತ್ತಿರುವಾಗ ಅದರ ಎತ್ತರ ನಿಂತಲ್ಲೇ ನಿಂತಿದ್ದರೆ, ದಂಡನೆಗೆ ಮುನ್ನ ವೈದ್ಯರ ನೆನಪಾಗಲಿ. ಅಂಕಗಳು ಕುಸಿದು, ಕೈಬರಹ ಕೆಟ್ಟು, ಕುಳಿತಲ್ಲಿ ಕೂರಲಾರದ ಮಗುವಿನಲ್ಲಿ ರಸಾಧಿಕ್ಯವಿರಬಹುದು. ವರ್ಷಕ್ಕೆರಡು ಬಾರಿ ಎತ್ತರ ಅಳೆದು ದಾಖಲಿಸುವ ಶಾಲೆಗೆ ಇಂಥ ಮಗು ಕಣ್ಣಿಗೆ ಬೀಳದೆ ಹೋಗದು. ತಂದೆತಾಯಿಗಳಿಗೆ ಒಂದು ಸೌಮ್ಯ ಸೂಚನೆ, ಒಂದು ರಕ್ತಪರೀಕ್ಷೆ; ಅದರಿಂದ ಮಗುವಿನ ಮುಂದಿನ ವರ್ಷಗಳು ಉಳಿಯಬಹುದು. ಸಹೋದ್ಯೋಗಿಗಳ ವಿಷಯದಲ್ಲಿಯೂ ಇದೇ ವಿವೇಕ ನಮಗಿರಲಿ. ಕಾಯಕವನ್ನು ಕೇಳುವ ಮುನ್ನ ಕಾಯದ ಕುಶಲವನ್ನು ವಿಚಾರಿಸುವುದು ಈ ವಿದ್ಯಾಸಂಸ್ಥೆಯ ಸತ್ಸಂಪ್ರದಾಯವಾಗಲೆಂದು ಆಶಿಸೋಣ.