ಆನಂದ ಶ್ರಾವಕನ ಪ್ರಶ್ನೆ

‘ಎದುರು ಮಾತನಾಡಬೇಡ’ ಎಂದು ಮಕ್ಕಳನ್ನು ಸುಮ್ಮನಾಗಿಸುವ ಹಿರಿಯರು ಉಪಾಸಕದಶಾಂಗ ಆಗಮದ ಆನಂದ ಶ್ರಾವಕನ ಕಥೆಯನ್ನು ನೆನೆಯಬೇಕು. ಸಲ್ಲೇಖನದಲ್ಲಿದ್ದ ಆನಂದನು ಗೌತಮ ಗಣಧರರ ಪಾದಗಳಿಗೆ ವಂದಿಸಿ, ದೂರದ ವಸ್ತುಗಳನ್ನರಿಯುವ ಅವಧಿಜ್ಞಾನವು ತನಗೆ ಉಂಟಾಗಿದೆ ಎಂದನು. ಗೃಹಸ್ಥನಿಗೆ ಅಷ್ಟು ವಿಶಾಲವಾದ ಜ್ಞಾನ ಅಸಾಧ್ಯ, ಪ್ರಾಯಶ್ಚಿತ್ತ ಕೈಗೊಳ್ಳಬೇಕು ಎಂದರು ಗೌತಮರು. ಆನಂದನು ಸಿಡುಕಲಿಲ್ಲ, ಮಣಿಯಲೂ ಇಲ್ಲ. ಜಿನಶಾಸನದಲ್ಲಿ ಸತ್ಯ ನುಡಿದವನಿಗೂ ಪ್ರಾಯಶ್ಚಿತ್ತವುಂಟೇ ಎಂದಷ್ಟೇ ಕೇಳಿದನು. ಶಂಕಿತರಾದ ಗೌತಮರು ಮಹಾವೀರರ ಬಳಿಗೆ ಹೋದರು. ಆನಂದನ ಮಾತೇ ದಿಟವೆಂದು ತಿಳಿದೊಡನೆ ಮರಳಿ ಬಂದು ಆ ಗೃಹಸ್ಥನಲ್ಲಿ ಕ್ಷಮೆ ಯಾಚಿಸಿದರು.

ವಂದಿಸಿದವನೇ ಒಪ್ಪದಿರಲೂಬಹುದು. ‘ಹೀಗೂ ಇರಬಹುದಲ್ಲವೇ ಅಪ್ಪಾ?’ ಎಂದು ಕೇಳುವ ವಿನಯವನ್ನು ಮಗಳಿಗೆ ಕಲಿಸುವುದು ಸುಲಭ. ಗೌತಮರ ಪಾಲಿನದೇ ಕಷ್ಟ. ಆಕೆ ಕೇಳಿದಾಗ ತಂದೆ ಪುಸ್ತಕ ತೆರೆದು ನೋಡಬೇಕು. ತಪ್ಪು ತನ್ನದಾದರೆ, ಕ್ಷಮಾವಣಿಯ ದಿನಕ್ಕಾಗಿ ಕಾಯದೆ ಅಂದೇ ಅವಳಿಗೆ ಹೇಳಬೇಕು.