ಮತ್ತಿಗಿರಿಯ ಕುದುರೆಗಳನ್ನು ದಡ ಮುಟ್ಟಿಸಿದವರು

ಹೊಸೂರಿನ ಪಕ್ಕದ ಮತ್ತಿಗಿರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಮದ್ರಾಸಿನ ಕಡಲತೀರ ಇಲ್ಲಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರ. ನಡುವೆ ಘಟ್ಟ ಇಳಿಯಬೇಕು, ಪಾಲಾರ್ ದಾಟಬೇಕು. ಆದರೂ ಈ ಊರಿನ ಚರಿತ್ರೆಯ ಒಂದು ತುದಿ ಇರುವುದು ಬೆಸ್ತರ ದೋಣಿಯಲ್ಲಿ.

ಮತ್ತಿಗಿರಿಯ ಸರ್ಕಾರಿ ಜಾನುವಾರು ಫಾರಂ ಶುರುವಾದದ್ದು 1824ರಲ್ಲಿ. ಆಗ ಅದು ಹಸು-ಎಮ್ಮೆಗಳ ಜಾಗವಲ್ಲ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಕುದುರೆ ಒದಗಿಸುವ ಡಿಪೋ. ಟಿಪ್ಪು ಸುಲ್ತಾನ್ ಮಡಿದ 1799ರ ನಂತರ ಹೊಸೂರು ಸೀಮೆ ಕಂಪನಿಯ ಕೈಸೇರಿತ್ತು. ಸುಮಾರು ಒಂಬೈನೂರು ಮೀಟರ್ ಎತ್ತರದ ತಂಪು ನೆಲ, ಮೇಯಲು ಬಯಲು, ಹತ್ತಿರದಲ್ಲೇ ಬೆಂಗಳೂರಿನ ದಂಡು. ಕುದುರೆಗೆ ಇದಕ್ಕಿಂತ ಹಿತವಾದ ಜಾಗ ಮದ್ರಾಸ್ ಪ್ರಾಂತದಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ.

ಆದರೆ ಸೈನ್ಯಕ್ಕೆ ಬೇಕಾದಷ್ಟು ಕುದುರೆ ಈ ನಾಡಿನಲ್ಲಿ ಹುಟ್ಟುತ್ತಿರಲಿಲ್ಲ. ಅರಬ್ ಮತ್ತು ಪರ್ಷಿಯಾದ ಕುದುರೆಗಳು ಮೊದಲಿನಿಂದಲೂ ಬರುತ್ತಿದ್ದವು. 1830ರ ದಶಕದಿಂದ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಿಂದಲೂ ಹಾಯಿಹಡಗುಗಳು ಕುದುರೆ ಹೊತ್ತು ತರತೊಡಗಿದವು. ‘ವೇಲರ್’ ಎಂದು ಹೆಸರಾದ ತಳಿ ಅದು. ವಾರಗಟ್ಟಲೆ ಹಡಗಿನ ಇಕ್ಕಟ್ಟಿನ ಲಾಯದಲ್ಲಿ ನಿಂತುಕೊಂಡೇ ಬಂದ ಪ್ರಾಣಿಗಳಿಗೆ ಮತ್ತಿಗಿರಿಯ ದಾರಿ ಹಿಡಿಯುವ ಮೊದಲು ಕೊನೆಯ ಗಂಡಾಂತರ ಕಾದಿದ್ದದ್ದು ಮದ್ರಾಸಿನ ಎದುರಿಗೆ.

ಏಕೆಂದರೆ ಮದ್ರಾಸಿಗೆ ಬಂದರೇ ಇರಲಿಲ್ಲ. 1639ರಲ್ಲಿ ಕಂಪನಿ ಪಡೆದುಕೊಂಡದ್ದು ಬೆಸ್ತರ ಕೇರಿಗಳಿದ್ದ ಬಟ್ಟಬಯಲು ಮರಳ ದಂಡೆ. ಹಡಗುಗಳು ದೂರದಲ್ಲೇ ಲಂಗರು ಹಾಕಬೇಕು. ಅಲ್ಲಿಂದ ದಡದವರೆಗೆ ಒಂದರ ಹಿಂದೊಂದು ಒಡೆಯುವ ಅಲೆಗಳು. ಹಡಗಿನವರ ಗಟ್ಟಿ ದೋಣಿಗಳು ಆ ಅಲೆಗೆ ಸಿಕ್ಕಿ ಮರಳಿಗೆ ಅಪ್ಪಳಿಸಿ ಹೋಳಾಗುತ್ತಿದ್ದವು. ಎಷ್ಟೇ ದೊಡ್ಡ ಅಧಿಕಾರಿಯಾದರೂ ಅಲ್ಲಿ ದೋಣಿಗಾರನ ಮಾತು ಕೇಳಲೇಬೇಕಿತ್ತು.

ಈ ಬೆಸ್ತರ ಮಸೂಲಾ ದೋಣಿಯ ಗುಟ್ಟು ಹೊಲಿಗೆಯಲ್ಲಿದೆ. ಅದಕ್ಕೆ ಒಂದೇ ಒಂದು ಮೊಳೆ ಇಲ್ಲ. ಹಲಗೆಯ ಅಂಚಿಗೆ ತೂತು ಕೊರೆದು, ಸಂದಿಗೆ ನಾರು ತುರುಕಿ, ತೆಂಗಿನ ಹುರಿಯಿಂದ ಬಿಗಿದು ಹೊಲಿಯುತ್ತಿದ್ದರು. ಅಲೆ ಹೊಡೆದಾಗ ದೋಣಿ ಬಿದಿರಿನ ತಟ್ಟಿಯಂತೆ ಬಾಗುತ್ತಿತ್ತೇ ಹೊರತು ಮುರಿಯುತ್ತಿರಲಿಲ್ಲ. ಯಾರಾದರೂ ನೀರಿಗೆ ಬಿದ್ದರೆ ಎತ್ತಿಕೊಳ್ಳಲು ಕಟ್ಟುಮರದವರು ಜೊತೆಜೊತೆಗೇ ಸಾಗುತ್ತಿದ್ದರು. ಯಾವ ಅಲೆಯನ್ನು ಬಿಡಬೇಕು, ಯಾವುದರ ಬೆನ್ನೇರಬೇಕು ಎಂಬುದು ಕಡಲ ಮಕ್ಕಳಿಗೆ ಮಾತ್ರ ಗೊತ್ತಿದ್ದ ವಿದ್ಯೆ. ಆಸ್ಟ್ರೇಲಿಯಾದ ಕುದುರೆಗಳನ್ನು ಮದ್ರಾಸಿನಲ್ಲಿ ಇಳಿಸುವ ನೋಟವನ್ನು ಜೆ. ಬಿ. ಈಸ್ಟ್ ಎಂಬ ಚಿತ್ರಕಾರ 1834ರ ಸುಮಾರಿಗೆ ಬರೆದಿದ್ದಾನೆ. ಕಟ್ಟುಮರ, ಮಸೂಲಾ ದೋಣಿ ಎರಡನ್ನೂ ಅವನು ಬಿಟ್ಟಿಲ್ಲ. ಚಿತ್ರದ ಹೆಸರಿನಲ್ಲೇ ಅವಕ್ಕೆ ಜಾಗ ಕೊಟ್ಟಿದ್ದಾನೆ.

ಸೈನ್ಯದ ದಾಖಲೆಗಳಿಗೆ ಆ ಔದಾರ್ಯ ಇರಲಿಲ್ಲ. ಡಿಪೋಗಳ ಚರಿತ್ರೆ ಎಂದರೆ ಅಧಿಕಾರಿಗಳ ಹೆಸರು, ಕೊಂಡ ಕುದುರೆಗಳ ಬೆಲೆ, ದಂಡುಗಳಿಗೆ ಹಂಚಿದ ಲೆಕ್ಕ. ಪ್ರಾಣದ ಹಂಗು ತೊರೆದು ಹುಟ್ಟು ಹಾಕಿದವರ ಹೆಸರು ಅಲ್ಲಿ ಹುಡುಕಿದರೂ ಸಿಗದು. ಲಾಯದಲ್ಲಿ ಮೈ ಉಜ್ಜಿ, ಹುರುಳಿ ಬೇಯಿಸಿ, ಬೆದರಿದ ಪರದೇಶದ ಕುದುರೆಗೆ ನಮ್ಮ ನೀರು-ನೆಲ ಒಗ್ಗಿಸಿದ ಆಳುಗಳದೂ ಇದೇ ಕಥೆ. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

1875ರಲ್ಲಿ ಮದ್ರಾಸು ಬಂದರಿನ ಕೆಲಸ ಶುರುವಾಯಿತು. 1881ರ ಚಂಡಮಾರುತ ಅದನ್ನು ಮುರಿದು ಹಾಕಿತು, ಮತ್ತೆ ಕಟ್ಟಿದರು. ಹಡಗುಗಳು ಕಟ್ಟೆಗೇ ಬಂದು ನಿಲ್ಲುವಂತಾದ ಮೇಲೆ ಮಸೂಲಾ ದೋಣಿಯ ಆ ಕೆಲಸ ಮುಗಿಯಿತು.

ಹೊಲಿಗೆಯ ವಿದ್ಯೆ ಮಾತ್ರ ಪೂರ್ತಿ ಅಳಿದಿಲ್ಲ. ಅಜಂತಾದ ಚಿತ್ರವೊಂದನ್ನು ಆಧರಿಸಿ ಕೇರಳದ ಕುಶಲಕರ್ಮಿಗಳು ಹುರಿಯಿಂದ ಹೊಲಿದ ಹಾಯಿಹಡಗು ‘ಕೌಂಡಿನ್ಯ’ 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅದೇ ವರ್ಷದ ಕೊನೆಗೆ ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು. ಹೊಲಿದ ಹಡಗನ್ನು ನಾಡು ಹೀಗೆ ಗೌರವಿಸಿದ್ದು ಸಂತೋಷದ ಸಂಗತಿ.

ಮತ್ತಿಗಿರಿಯ ಫಾರಂಗೆ 2024ಕ್ಕೆ ಇನ್ನೂರು ವರ್ಷ ತುಂಬಿತು. ಅದರ ಆವರಣದಲ್ಲಿ ಒಂದು ಫಲಕ ನಿಲ್ಲಲಿ. ಆ ದೋಣಿಗಾರರ ಮತ್ತು ಲಾಯದ ಆಳುಗಳ ಕೆಲಸವನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೇಳಲಿ. ಹೊಸೂರು, ಕೆಲಮಂಗಲ, ಡೆಂಕಣಿಕೋಟೆಯ ಓದುಗರೇ, ನಿಮ್ಮ ಮನೆಯ ಹಿರಿಯರು ಆ ಲಾಯಗಳಲ್ಲಿ ದುಡಿದಿದ್ದರೆ ಅವರಿಂದ ಕೇಳಿದ್ದನ್ನು ದಯವಿಟ್ಟು ಈಗಲೇ ಬರೆದಿಡಿ.