ಕುತ್ತಿಗೆಯ ಬೆಸುಗೆಗೆ ಬೇಕು ತಾಳ್ಮೆ

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಕುತ್ತಿಗೆಗೆ ಬಿಡುವೆಂಬುದಿಲ್ಲ. ಮದ್ದು ಬಿಡುವಾಗಲೂ ದೋಟಿ ಹಿಡಿದು ಗೊನೆ ಇಳಿಸುವಾಗಲೂ ಮುಖ ಮೇಲಕ್ಕೆ. ಉಳಿದ ಹೊತ್ತಿನಲ್ಲಿ ತಲೆಯ ಮೇಲೆ ಸೊಪ್ಪಿನ ಹೊರೆ. ಮರದಿಂದ ಬಿದ್ದಾಗ ಕುತ್ತಿಗೆಯ ಮೂಳೆ ಮುರಿಯಬಹುದು. ವಯಸ್ಸಾದಂತೆ ಸವೆದ ಡಿಸ್ಕ್ ನರವನ್ನೋ ಬೆನ್ನುಹುರಿಯನ್ನೋ ಒತ್ತಬಹುದು. ಬೇರೆ ಚಿಕಿತ್ಸೆ ಸಾಲದಾದಾಗ ವೈದ್ಯರು ಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ.

ನಮ್ಮ ಕುತ್ತಿಗೆಯಲ್ಲಿರುವುದು 7 ಮೂಳೆಗಳು, ಜಿರಾಫೆಗೂ ಅಷ್ಟೇ! ಸಾಮಾನ್ಯವಾಗಿ ಕುತ್ತಿಗೆಯ ಮುಂಭಾಗದಿಂದ ಕೊಯ್ದು, ಕೆಟ್ಟ ಡಿಸ್ಕನ್ನು ತೆಗೆದು, ಆ ಜಾಗದಲ್ಲಿ ಮೂಳೆಯ ತುಣುಕನ್ನಿಟ್ಟು ಲೋಹದ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯುತ್ತಾರೆ. ಮುಂಭಾಗದಿಂದ ಬೆಸೆಯುವ ಈ ವಿಧಾನವನ್ನು 1955ರಲ್ಲಿ ಅಮೆರಿಕದ ವೈದ್ಯರಾದ ರಾಬಿನ್ಸನ್ ಮತ್ತು ಸ್ಮಿತ್ ವರದಿ ಮಾಡಿದರು. ಇನ್ನು ತಲೆ ತಿರುಗಿಸಲಾಗದು ಎಂಬ ಭಯ ಬೇಡ. ಆ ಚಲನೆಯ ಸುಮಾರು ಅರ್ಧ ಭಾಗ ಮೇಲಿನ 2 ಮೂಳೆಗಳ ನಡುವೆ ನಡೆಯುತ್ತದೆ. ಬೆಸೆಯುವುದು ಹೆಚ್ಚಾಗಿ ಕೆಳಗಿನ ಮೂಳೆಗಳನ್ನು.

ಗೇರಿನ ಕಸಿ ಕಟ್ಟುವುದನ್ನು ನೋಡಿದವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ಸುತ್ತಿದ ಪಟ್ಟಿ ಹಿಡಿದುಕೊಳ್ಳುತ್ತದೆ ಅಷ್ಟೇ; ಕೂಡಿಸುವುದು ಗಿಡದ ಜೀವಕೋಶಗಳು. ಇಲ್ಲಿಯೂ ಹಾಗೆಯೇ. ಲೋಹ ಹಿಡಿದುಕೊಳ್ಳುತ್ತದೆ, ಬೆಸೆಯುವುದು ಮೂಳೆ. ಹೊರಗಿನ ಗಾಯ ಕೆಲವೇ ವಾರಗಳಲ್ಲಿ ಮಾಯುತ್ತದೆ. ಒಳಗಿನ ಬೆಸುಗೆಗೆ 3 ತಿಂಗಳು, ಕೆಲವರಲ್ಲಿ ವರ್ಷವೇ ಬೇಕು. ನೋವಿಲ್ಲವೆಂದು ಅವಸರದಿಂದ ತೋಟಕ್ಕಿಳಿದರೆ ಬೆಸುಗೆ ಕೂಡದೇ ಹೋಗಬಹುದು. ಬೀಡಿ, ಸಿಗರೇಟಿನ ನಿಕೋಟಿನ್ ಮೂಳೆಗೆ ರಕ್ತ ಸಿಗದಂತೆ ಮಾಡಿ ಅದನ್ನು ಇನ್ನಷ್ಟು ತಡಮಾಡುತ್ತದೆ. ಎಣ್ಣೆ ತಿಕ್ಕಿಸುವುದು, ಕುತ್ತಿಗೆಯ ಲಟಿಕೆ ತೆಗೆಸುವುದಂತೂ ಬೇಡವೇ ಬೇಡ.

ಎಲ್ಲ ತೊಂದರೆಗಳೂ ಒಂದೇ ಬಗೆಯವಲ್ಲ. ನುಂಗುವಾಗ ನೋವು, ಸ್ವರ ಒಡೆಯುವುದು, ಹೆಗಲ ನಡುವೆ ಸೆಳೆತ ಹಲವರಿಗೆ ಬರುತ್ತವೆ, ಹೆಚ್ಚಿನವರಲ್ಲಿ ವಾರಗಳಲ್ಲಿ ಇಳಿಯುತ್ತವೆ. ಅಲ್ಲಿಯವರೆಗೆ ಮೆತ್ತಗಿನ ಗಂಜಿ ಸಾಕು. ಕೈಯ ಜೋಮು ಹೋಗಲು ತಿಂಗಳುಗಳೇ ಹಿಡಿಯಬಹುದು. ಆದರೆ ಕುತ್ತಿಗೆ ಊದಿಕೊಂಡು ಉಸಿರು ಕಟ್ಟಿದರೆ, ಕೈಕಾಲಿನ ಬಲ ಕುಂದಿದರೆ, ಮಲಮೂತ್ರದ ಹತೋಟಿ ತಪ್ಪಿದರೆ ಬೆಳಗಾಗಲೆಂದು ಕಾಯಬಾರದು. ಜ್ವರ ಬಂದು ಗಾಯದಲ್ಲಿ ಕೀವಾದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಸುಳ್ಯದಿಂದ ಮಂಗಳೂರಿಗೆ ಸುಮಾರು 85 ಕಿ.ಮೀ. ಇದೆ. ಆದ್ದರಿಂದ ಉಸಿರಿನ ತೊಂದರೆಯಾದಾಗ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಹೋಗಬೇಕೆಂಬ ಹಟ ಸಲ್ಲದು. 108ಕ್ಕೆ ಕರೆಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಮೊದಲು ತಲುಪಿಸಬೇಕು.

ಶಸ್ತ್ರಚಿಕಿತ್ಸೆ ಒತ್ತಡವನ್ನು ತೆಗೆಯುತ್ತದೆ. ಆಗಲೇ ಹಾನಿಗೊಂಡ ಬೆನ್ನುಹುರಿಯ ಶಕ್ತಿ ಪೂರ್ತಿ ಮರಳೀತೆಂದು ಹೇಳಲಾಗದು. ಬೆಸೆದ ಜಾಗದ ಮೇಲೆ ಕೆಳಗಿನ ಡಿಸ್ಕುಗಳು ವರ್ಷಗಳ ಬಳಿಕ ಸವೆಯುವುದೂ ಉಂಟು. ಹಾಗಾಗಿ ಗುಣವಾದ ಮೇಲೂ ತಲೆಹೊರೆ ಬಿಡುವುದು ಲೇಸು.

ವಿದ್ಯಾರ್ಥಿಗಳೇ, ಮನೆಯಲ್ಲಿ ಇಂತಹ ಶಸ್ತ್ರಚಿಕಿತ್ಸೆಯಾದವರಿದ್ದರೆ ನೀವು ಮಾಡಬಹುದಾದದ್ದು ಬಹಳವಿದೆ. ಅವರು ಬಗ್ಗದಂತೆ, ಕತ್ತೆತ್ತದಂತೆ ಬೇಕಾದ ವಸ್ತುಗಳನ್ನು ಕೈಗೆಟಕುವಲ್ಲಿಡಿ. ದಿನವೂ ಅಂಗಳದಲ್ಲಿ ಜೊತೆಗೆ ನಡೆಯಿರಿ. ಅಂಗಿಯ ಗುಂಡಿ ಹಾಕಲು, ಪೆನ್ನು ಹಿಡಿಯಲು ಬೆರಳು ಹೇಗೆ ಆಡುತ್ತಿದೆಯೆಂದು ವಾರಕ್ಕೊಮ್ಮೆ ಬರೆದಿಟ್ಟು ವೈದ್ಯರಿಗೆ ತೋರಿಸಿ. "ಇನ್ನೂ ಗುಣವಾಗಲಿಲ್ಲವೇ?" ಎಂದು ಮಾತ್ರ ಕೇಳಬೇಡಿ. ಕಸಿಯ ಗಿಡವನ್ನು ದಿನವೂ ಅಲುಗಾಡಿಸಿ ನೋಡುವವರುಂಟೇ?